‘ಅಮ್ಮಾ, ಮೇಲೆ ಹೋಗಿ ಆ ಬಟನ್ ಒತ್ತು’

ರಾತ್ರಿ ಹನ್ನೊಂದೂ ಕಾಲು. ನಾನು ಬೆಂಗಳೂರಿನಲ್ಲಿ ಗೆಳತಿಯ ರೂಮಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಮರುದಿನ ಬೆಳಿಗ್ಗೆ ಹತ್ತಕ್ಕೆ ಗ್ರಾಹಕರ ಮುಂದೆ ಡೆಮೊ. ಅದಕ್ಕೆ ಬೇಕಾಗಿದ್ದ ಫೈಲು ಇದ್ದದ್ದು ಸವಳಂಗದ ನಮ್ಮ ಮನೆ ಮಹಡಿಯ ಕಂಪ್ಯೂಟರ್‌ನಲ್ಲಿ. ಅದು ಉತ್ತರವನ್ನೇ ಕೊಡ್ತಿರಲಿಲ್ಲ. ಕೊನೆಗೆ ಫೋನ್ ತೆಗೆದೆ.

‘ಅಮ್ಮಾ, ಮಲಗಿದ್ಯಾ?’

‘ಇಲ್ಲ, ಹೇಳೇ.’

‘ಕರೆಂಟ್ ಹೋಗಿತ್ತಾ?’

‘ಸಂಜೆ ಗಾಳಿ ಮಳೆ ಬಂದು ಹೋಗಿತ್ತು. ಈಗ ಐತೆ.’

‘ಮೇಲೆ ಹೋಗಿ ಆ ದೊಡ್ಡ ಡಬ್ಬದ ಮುಂದಿರೋ ಬಟನ್ ಒತ್ತಮ್ಮ.’

ನಮ್ಮ ಮನೆ ಮೆಟ್ಟಿಲು ಹೊರಗಡೆ ಇದೆ. ಮಳೆಗೆ ನೆನೆದಿತ್ತು, ಅಲ್ಲಿನ ಬಲ್ಬು ಹೋಗಿ ವಾರವಾಗಿತ್ತು. ಅಮ್ಮ ಟಾರ್ಚ್ ಹಿಡಿದು ಹತ್ತಿದಳು, ಬಟನ್ ಒತ್ತಿದಳು, ‘ಹಸಿರು ಲೈಟ್ ಬಂತು ನೋಡು’ ಅಂತ ಹೇಳಿ ಫೋನ್ ಇಟ್ಟಳು. ಡೆಮೊ ಚೆನ್ನಾಗಿ ಆಯಿತು. ಇಳಿಯುವಾಗ ಅಮ್ಮ ಜಾರಿ ಬಿದ್ದು ಪಾದ ಉಳುಕಿಸಿಕೊಂಡಿದ್ದು ನನಗೆ ಗೊತ್ತಾಗಿದ್ದು ಮರುದಿನ ಮಧ್ಯಾಹ್ನ, ಅಪ್ಪ ಫೋನ್ ಮಾಡಿದಾಗ. ‘ನಿನ್ನ ಮೀಟಿಂಗ್ ಮುಗಿಯೋ ತನಕ ಹೇಳಬೇಡಿ ಅಂದ್ಲವ್ವಾ’ ಅಂದರು.

ಮೂರು ವಾರ ಅಮ್ಮನ ಕಾಲಿಗೆ ಪಟ್ಟಿ. ಆ ಮೂರು ವಾರದಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೀತಿದ್ದೀನಿ. ಊರಲ್ಲಿ ಕಂಪ್ಯೂಟರ್ ಇಟ್ಟು ದೂರದಿಂದ ಕೆಲಸ ಮಾಡೋ ನಮ್ಮಂಥವರು ಈಗ ಸಾಕಷ್ಟು ಜನ ಇದ್ದೀವಿ. ನಿಮ್ಮ ಮನೆಯಲ್ಲೂ ಒಬ್ಬ ಅಮ್ಮ ‘ರೀಸ್ಟಾರ್ಟ್ ಬಟನ್’ ಆಗಿರಬಹುದು.

ಊರಲ್ಲೇ ಯಾಕೆ?

ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಹೋಗುವ ದಾರಿಯಲ್ಲಿ ಸವಳಂಗ ಸಿಗುತ್ತೆ. ದೊಡ್ಡ ಕೆರೆ, ಸುತ್ತ ಮೆಕ್ಕೆಜೋಳ, ಅಡಿಕೆ ತೋಟ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ನಾವು ಶಿವಮೊಗ್ಗ ಜಿಲ್ಲೆಯವರು. ಈಗ ಕಾಗದದಲ್ಲಿ ನ್ಯಾಮತಿ ತಾಲ್ಲೂಕು, ದಾವಣಗೆರೆ ಜಿಲ್ಲೆ. ಆಸ್ಪತ್ರೆಗೆ, ಬಟ್ಟೆಗೆ ಹೋಗೋದು ಮಾತ್ರ ಇವತ್ತಿಗೂ ಶಿವಮೊಗ್ಗಕ್ಕೇ.

2020ರ ಲಾಕ್‌ಡೌನ್‌ನಲ್ಲಿ ಊರಿಗೆ ಬಂದವಳು ವಾಪಸ್ ಹೋಗಲಿಲ್ಲ. ನಾವು ಮೂವರು ಸೇರಿ ವ್ಯಾಪಾರಿಗಳ ಖರೀದಿ, ತೂಕ, ಬಿಲ್ಲಿನ ಲೆಕ್ಕ ಇಡುವ ಸಾಫ್ಟ್‌ವೇರ್ ಮಾಡ್ತೀವಿ. ಉಳಿದಿಬ್ಬರು ಬೆಂಗಳೂರಿನಲ್ಲಿ. ನಾನು ಹದಿನೈದು ದಿನಕ್ಕೊಮ್ಮೆ ಹೋಗಿ ಮೂರ್ನಾಲ್ಕು ದಿನ ಇದ್ದು ಬರ್ತೀನಿ.

ಮುಂಬೈನಲ್ಲಿ ಒಂದು ಚಿಕ್ಕ ಸರ್ವರ್ ಬಾಡಿಗೆಗೆ ತಗೊಂಡಿದ್ದೀವಿ. ಅದಕ್ಕೆ ಶಕ್ತಿ ಕಡಿಮೆ. ಹೊಸ ಕೋಡ್ ಬಂದಾಗಲೆಲ್ಲ ಅದನ್ನು ಕಟ್ಟಿ, ಹಳೆಯ ಬಿಲ್ಲುಗಳ ಹೆಸರು ತೆಗೆದ ಪ್ರತಿಗಳ ಮೇಲೆ ಓಡಿಸಿ, ಒಂದು ಪೈಸೆಯೂ ಹೆಚ್ಚುಕಮ್ಮಿ ಆಗಲಿಲ್ಲ ಅಂತ ನೋಡಬೇಕು. ಅದಕ್ಕೆ ದೊಡ್ಡ ಯಂತ್ರವೇ ಬೇಕು. ಅಷ್ಟು ದೊಡ್ಡದನ್ನು ಕ್ಲೌಡ್‌ನಲ್ಲಿ ಬಾಡಿಗೆಗೆ ಹಿಡಿದರೆ ತಿಂಗಳ ಬಿಲ್ ನಮ್ಮ ಮೂವರ ಊಟದ ಖರ್ಚು ದಾಟುತ್ತೆ. ಹಾಗಾಗಿ ಆ ಕೆಲಸ ನಮ್ಮ ಮಹಡಿಯ ಡೆಸ್ಕ್‌ಟಾಪ್‌ದು. ರಾತ್ರಿ ಒಂದು ಗಂಟೆಗೆ ಮುಂಬೈ ಸರ್ವರ್ ಸವಳಂಗದ ಕಂಪ್ಯೂಟರ್ ಒಳಗೆ ಹೋಗಬೇಕು, ಕೆಲಸ ಹೇಳಬೇಕು, ಫಲಿತಾಂಶ ತರಬೇಕು. ಏನಾದರೂ ಕೆಟ್ಟರೆ ನಾವು ಬೆಂಗಳೂರಿನಿಂದ ಒಳಗೆ ಹೋಗಿ ಸರಿ ಮಾಡಬೇಕು.

ಇದು ನಡೆಯದಿದ್ದರೆ ನಾನು ಬೆಂಗಳೂರಿಗೆ ವಾಪಸ್ ಹೋಗಬೇಕು. ಗೆಳತಿಯರು ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಆ ಡೆಮೊ ರಾತ್ರಿ ಮೂವರ ತಲೆಯಲ್ಲೂ ಅದೇ ಇತ್ತು.

ವಠಾರಕ್ಕೆ ಒಂದೇ ಬಾಗಿಲು

ಮೊದಲು ಎಲ್ಲರೂ ಮಾಡೋದನ್ನೇ ಮಾಡಿದ್ದೆ. ರೌಟರ್ ಸೆಟ್ಟಿಂಗ್‌ಗೆ ಹೋಗಿ ಪೋರ್ಟ್ ಫಾರ್ವರ್ಡಿಂಗ್ ಹಾಕಿದೆ, ಅಂದರೆ ‘ಹೊರಗಿಂದ ಈ ನಂಬರ್ ಕೇಳಿಕೊಂಡು ಬಂದವರನ್ನು ಒಳಗಿನ ಆ ಕಂಪ್ಯೂಟರ್‌ಗೆ ಕಳಿಸು’ ಅನ್ನೋ ಸೂಚನೆ. ಐಪಿ ವಿಳಾಸ ಬದಲಾದರೆ ತಿಳಿಯಲಿ ಅಂತ ಡೈನಮಿಕ್ ಡಿಎನ್ಎಸ್ ಕೂಡ ಹಾಕಿದೆ. ಎರಡು ದಿನ ತಲೆ ಕೆಡಿಸಿಕೊಂಡರೂ ಯಾರೂ ಒಳಗೆ ಬರಲಿಲ್ಲ.

ಆಮೇಲೆ ರೌಟರ್ ತೋರಿಸುತ್ತಿದ್ದ ವಿಳಾಸವನ್ನು ಸರಿಯಾಗಿ ನೋಡಿದೆ. 100.72 ಅಂತ ಶುರುವಾಗಿತ್ತು. ಅದೇ ಹೊತ್ತಿಗೆ ಬ್ರೌಸರ್‌ನಲ್ಲಿ ‘ನನ್ನ ಐಪಿ ಯಾವುದು’ ಅಂತ ಕೇಳಿದರೆ ಬೇರೆಯೇ ನಂಬರ್ ಬಂತು. ಗುಟ್ಟು ಇಲ್ಲಿತ್ತು.

ಹಳೆಯ ಐಪಿ ವಿಳಾಸಗಳು, ಅಂದರೆ ಐಪಿವಿ4, ಇಡೀ ಜಗತ್ತಿಗೆ ಇರೋದು ಸುಮಾರು 430 ಕೋಟಿ. ಜಾಗತಿಕ ದಾಸ್ತಾನಿನ ಕೊನೆಯ ಗಂಟುಗಳನ್ನು 2011ರ ಫೆಬ್ರುವರಿಯಲ್ಲೇ ಹಂಚಿ ಮುಗಿಸಿದರು. ಅದಕ್ಕೇ ಇಂಟರ್ನೆಟ್ ಕಂಪನಿಗಳು ಒಂದೇ ವಿಳಾಸವನ್ನು ನೂರಾರು ಮನೆಗಳಿಗೆ ಹಂಚುತ್ತವೆ. ಈ ಏರ್ಪಾಟಿನ ಹೆಸರು ಸಿಜಿನ್ಯಾಟ್. ಅದಕ್ಕೆಂದೇ 2012ರಲ್ಲಿ 100.64ರಿಂದ 100.127ರವರೆಗಿನ ವಿಳಾಸಗಳನ್ನು ತೆಗೆದಿಟ್ಟರು. ನನಗೆ ಸಿಕ್ಕಿದ್ದು ಅದರಲ್ಲೊಂದು.

ಹಳೇ ವಠಾರ ನೆನಪಿಸಿಕೊಳ್ಳಿ. ಹತ್ತು ಮನೆ, ಬೀದಿಗೆ ಒಂದೇ ಬಾಗಿಲು. ಒಳಗಿನವರು ಯಾವಾಗ ಬೇಕಾದರೂ ಹೊರಗೆ ಹೋಗಬಹುದು. ಹೊರಗಿನವರು ಬಂದು ಬರೀ ಬಾಗಿಲ ನಂಬರ್ ಹೇಳಿದರೆ ಯಾವ ಮನೆಗೆ ಅಂತ ಬಾಗಿಲಲ್ಲಿ ಕೂತವರಿಗೆ ಗೊತ್ತಾಗಲ್ಲ, ವಾಪಸ್ ಕಳಿಸ್ತಾರೆ. ನಾನು ನನ್ನ ಮನೆ ಬಾಗಿಲು ತೆಗೆದಿಟ್ಟಿದ್ದೆ, ಆದರೆ ವಠಾರದ ಬಾಗಿಲು ನನ್ನ ಕೈಯಲ್ಲಿರಲಿಲ್ಲ. ಪೋರ್ಟ್ ಫಾರ್ವರ್ಡಿಂಗ್ ಎಷ್ಟು ಸರಿಯಾಗಿ ಹಾಕಿದರೂ ಪ್ರಯೋಜನ ಇಲ್ಲದ್ದು ಇದಕ್ಕೇ.

ಹೆಚ್ಚಿಗೆ ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ ತಗೊಳ್ಳಬಹುದು, ನಿಮ್ಮ ಊರಿನ ಆಪರೇಟರ್ ಕೊಟ್ಟರೆ. ನಮ್ಮಲ್ಲಿ ಕೊಡಲಿಲ್ಲ. ಹೊಸ ಐಪಿವಿ6 ವಿಳಾಸ ಬಂದಿದ್ದರೆ ವಠಾರದ ತಾಪತ್ರಯವೇ ಇಲ್ಲ, ಪ್ರತಿ ಮನೆಗೂ ಬೀದಿ ಬಾಗಿಲು. ಆಗಲೂ ರೌಟರ್‌ನ ಫೈರ್‌ವಾಲ್‌ನಲ್ಲಿ ಅನುಮತಿ ಕೊಡಬೇಕು. ನನ್ನ ಫೋನಿನ ಸಿಮ್‌ಗೆ ಐಪಿವಿ6 ಇತ್ತು, ಮನೆಯ ಫೈಬರ್‌ಗೆ ಇರಲಿಲ್ಲ.

ಒಳಗಿಂದಲೇ ಕರೆ

ಹೊರಗಿನವರು ಒಳಗೆ ಬರೋಕಾಗಲ್ಲ ಅಂದರೆ ಒಳಗಿನವರೇ ಹೊರಗೆ ಕರೆ ಮಾಡಿ ಲೈನ್ ಹಿಡಿದುಕೊಂಡಿರಬೇಕು. ಮನೆಯ ಕಂಪ್ಯೂಟರ್ ಮುಂಬೈ ಸರ್ವರ್‌ಗೆ ತಾನೇ ಫೋನ್ ಮಾಡುತ್ತೆ, ಕಟ್ ಮಾಡಲ್ಲ. ಸರ್ವರ್‌ಗೆ ಏನಾದರೂ ಹೇಳಬೇಕಾದಾಗ ಅದೇ ಲೈನಿನಲ್ಲಿ ಹೇಳುತ್ತೆ. ಇದಕ್ಕೆ ರಿವರ್ಸ್ ಟನಲ್ ಅಂತಾರೆ.

ಇದಕ್ಕೆ ಹೊಸದೇನೂ ಕೊಳ್ಳಬೇಕಿಲ್ಲ. ಎಸ್‌ಎಸ್‌ಎಚ್ ಸಾಕು. ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿದ್ದ ತಾತು ಯಲೋನೆನ್ 1995ರಲ್ಲಿ ಇದನ್ನು ಬರೆದರು. ಅವರ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡ್ ಕದ್ದು ಕೇಳಿಸಿಕೊಂಡಿದ್ದೇ ಕಾರಣ. ಎಸ್‌ಎಸ್‌ಎಚ್‌ಗೆ ದೊಡ್ಡ ‘ಆರ್’ ಆಯ್ಕೆ ಕೊಟ್ಟು, ‘ಸರ್ವರ್‌ನ 2222ನೇ ಪೋರ್ಟಿಗೆ ಬಂದದ್ದನ್ನು ನನ್ನ 22ನೇ ಪೋರ್ಟಿಗೆ ಕಳಿಸು’ ಅಂದರೆ ಟನಲ್ ಸಿದ್ಧ. ಮುಂಬೈ ಸರ್ವರ್ ತನ್ನದೇ 2222ನ್ನು ತಟ್ಟಿದರೆ ಸವಳಂಗದ ಬಾಗಿಲು ತೆಗೆಯುತ್ತೆ. ಬೆಂಗಳೂರಿನಲ್ಲಿರೋ ನಾನು ಸರ್ವರ್ ಮೇಲಿಂದ ಹಾಯ್ದು ಮನೆ ತಲುಪ್ತೀನಿ.

ಮೊದಲ ಸಲ ಹೀಗೆ ಒಳಗೆ ಹೋದಾಗ ಕುಣಿದಾಡಿದ್ದೆ. ಅದು ನಾಲ್ಕು ದಿನ ನಡೀತು. ಐದನೇ ದಿನ ನಿಂತಿತು. ಡೆಮೊ ರಾತ್ರಿಯ ಕಥೆ ಶುರುವಾಗಿದ್ದು ಅಲ್ಲಿಂದ.

ಹೂಂಗುಟ್ಟದ ಲೈನು

ಅಜ್ಜಿ ಕಥೆ ಹೇಳುವಾಗ ನಾವು ‘ಹೂಂ’ ಅನ್ನುತ್ತಿರಬೇಕಿತ್ತು. ಮೂರು ಸಲ ಹೂಂ ಬರಲಿಲ್ಲ ಅಂದರೆ ಮಗು ಮಲಗಿತು ಅಂತ ಅಜ್ಜಿ ಕಥೆ ನಿಲ್ಲಿಸುತ್ತಿದ್ದರು. ಎಸ್‌ಎಸ್‌ಎಚ್‌ಗೆ ಈ ಅಭ್ಯಾಸ ತಾನಾಗೇ ಇರಲ್ಲ. ಆ ಕಡೆಯವರು ಮಲಗಿದರೂ ಲೈನ್ ಹಿಡಿದುಕೊಂಡು ಕೂತಿರುತ್ತೆ.

ಇದರಿಂದ ಎರಡು ತೊಂದರೆ. ಒಂದು, ಲೈನಿನಲ್ಲಿ ಬಹಳ ಹೊತ್ತು ಏನೂ ಓಡಾಡದಿದ್ದರೆ ನಡುವಿನ ಸಿಜಿನ್ಯಾಟ್ ಅದನ್ನು ಮರೆತುಬಿಡುತ್ತೆ. ಎರಡೂ ತುದಿಗೆ ಅದು ಗೊತ್ತೇ ಆಗಲ್ಲ. ಎರಡನೆಯದು ನನ್ನನ್ನು ಹೆಚ್ಚು ಕಾಡಿತು. ಮನೆಯಲ್ಲಿ ಕರೆಂಟ್ ಹೋಯಿತು ಅಂದುಕೊಳ್ಳಿ. ಕಂಪ್ಯೂಟರ್ ವಿದಾಯ ಹೇಳದೆ ಸತ್ತಿತು. ಮುಂಬೈ ಸರ್ವರ್ ಇನ್ನೂ ಹಳೆಯ ಲೈನ್ ಜೀವಂತ ಇದೆ ಅಂದುಕೊಂಡು 2222ನ್ನು ಹಿಡಿದುಕೊಂಡೇ ಇದೆ. ಕರೆಂಟ್ ಬಂತು, ಕಂಪ್ಯೂಟರ್ ಎದ್ದಿತು, ಮತ್ತೆ ಕರೆ ಮಾಡಿತು. ಸರ್ವರ್ ‘2222 ಖಾಲಿ ಇಲ್ಲ’ ಅಂದಿತು. ಆಗ ಎಸ್‌ಎಸ್‌ಎಚ್ ಒಂದು ಎಚ್ಚರಿಕೆ ಸಾಲು ಬರೆದು, ಟನಲ್ ಇಲ್ಲದೇ ಸುಮ್ಮನೆ ಸಂಪರ್ಕದಲ್ಲಿ ಉಳಿಯುತ್ತೆ! ಪ್ರೋಗ್ರಾಂ ಓಡುತ್ತಿದೆಯಾ ಅಂತ ನೋಡಿದರೆ ಓಡುತ್ತಿದೆ. ದಾರಿ ಮಾತ್ರ ಇಲ್ಲ. ಲಿನಕ್ಸ್ ತಾನಾಗೇ ಸುಮ್ಮನಿರೋ ಲೈನಿನ ಜೀವ ಪರೀಕ್ಷಿಸೋದು ಸಾಮಾನ್ಯವಾಗಿ 2 ಗಂಟೆ ಆದ ಮೇಲೆ.

ಪರಿಹಾರ ನಾಲ್ಕು ಸಾಲು. ಮನೆಯ ಕಡೆ ‘ಸರ್ವರ್ ಅಲೈವ್ ಇಂಟರ್ವಲ್’ 30, ‘ಸರ್ವರ್ ಅಲೈವ್ ಕೌಂಟ್ ಮ್ಯಾಕ್ಸ್’ 3: ಅಂದರೆ ಮೂವತ್ತು ಸೆಕೆಂಡಿಗೊಮ್ಮೆ ‘ಇದ್ದೀಯಾ?’, ಮೂರು ಸಲ ಹೂಂ ಇಲ್ಲದಿದ್ದರೆ ಕಟ್. ಸರ್ವರ್ ಕಡೆಯೂ ‘ಕ್ಲೈಂಟ್ ಅಲೈವ್’ ಹೆಸರಿನಲ್ಲಿ ಅದೇ ಲೆಕ್ಕ. ಹೀಗೆ ಸತ್ತ ಲೈನನ್ನು ಸರ್ವರ್ ಒಂದೂವರೆ ನಿಮಿಷದಲ್ಲಿ ಬಿಡುತ್ತೆ. ಜೊತೆಗೆ ಮನೆಯ ಕಡೆ ‘ಎಕ್ಸಿಟ್ ಆನ್ ಫಾರ್ವರ್ಡ್ ಫೇಲ್ಯೂರ್’ ಹೌದು ಅಂತ ಹಾಕಬೇಕು: ಪೋರ್ಟ್ ಸಿಗದಿದ್ದರೆ ಸುಮ್ಮನೆ ಕೂರಬೇಡ, ಹೊರಗೆ ಬಾ.

ಹೊರಗೆ ಬಂದದ್ದನ್ನು ಮತ್ತೆ ಒಳಗೆ ಕಳಿಸೋಕೆ ಸಿಸ್ಟಂಡಿ ಇದೆ. ಟನಲ್ ಅನ್ನು ಒಂದು ಸರ್ವಿಸ್ ಮಾಡಿ ‘ರೀಸ್ಟಾರ್ಟ್’ ಯಾವಾಗಲೂ ಅಂತ ಬರೆದೆ. ಇಲ್ಲೂ ಒಂದು ಹಳ್ಳ. ಬೇರೇನೂ ಹೇಳದಿದ್ದರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಮತ್ತೆ ಪ್ರಯತ್ನಿಸುತ್ತೆ. 10 ಸೆಕೆಂಡಿನಲ್ಲಿ 5 ಸಲ ಸೋತರೆ ಕೈಚೆಲ್ಲುತ್ತೆ, ಆಮೇಲೆ ಕೈಯಾರೆ ಎಬ್ಬಿಸಬೇಕು. ಕರೆಂಟ್ ಬಂದ ಮೇಲೆ ಕಂಪ್ಯೂಟರ್ ಬೇಗ ಏಳುತ್ತೆ, ಫೈಬರ್ ಪೆಟ್ಟಿಗೆ ಏಳೋಕೆ ಒಂದೆರಡು ನಿಮಿಷ ಬೇಕು. ಅಷ್ಟರಲ್ಲಿ ಐದು ಸೋಲು ಮುಗಿದಿರುತ್ತೆ. ಪ್ರಯತ್ನಗಳ ನಡುವೆ 15 ಸೆಕೆಂಡ್ ಬಿಡುವು ಕೊಟ್ಟು, ಸೋಲಿನ ಮಿತಿಯನ್ನು ಸೊನ್ನೆ ಮಾಡಿದೆ. ಇಲ್ಲಿ ಸೊನ್ನೆ ಅಂದರೆ ಮಿತಿಯೇ ಇಲ್ಲ.

ಕರೆಂಟೇ ಇಲ್ಲದಿದ್ದರೆ?

ಸಾಫ್ಟ್‌ವೇರ್ ಎಷ್ಟು ಜಾಣತನದಿಂದ ಕಟ್ಟಿದರೂ ನಮ್ಮ ಕಡೆ ಮಳೆಗಾಲದಲ್ಲಿ ಮರದ ಕೊಂಬೆ ತಂತಿ ಮೇಲೆ ಬೀಳುತ್ತೆ. ಡೆಮೊ ರಾತ್ರಿಯ ನಿಜವಾದ ತಪ್ಪು ಸಿಕ್ಕಿದ್ದು ಇಲ್ಲೇ. ಕರೆಂಟ್ ಬಂದಿತ್ತು, ಕಂಪ್ಯೂಟರ್ ಎದ್ದೇ ಇರಲಿಲ್ಲ. ಬಯೋಸ್‌ನಲ್ಲಿ ‘ಕರೆಂಟ್ ಹೋಗಿ ಬಂದರೆ ಏನು ಮಾಡಲಿ’ ಅನ್ನೋ ಒಂದು ಆಯ್ಕೆ ಇರುತ್ತೆ. ನನ್ನದರಲ್ಲಿ ‘ಆಫ್ ಆಗಿಯೇ ಇರು’ ಅಂತ ಇತ್ತು. ಅದನ್ನು ‘ಆನ್ ಆಗು’ ಅಂತ ಬದಲಾಯಿಸೋಕೆ ಎರಡು ನಿಮಿಷವೂ ಬೇಕಾಗಲಿಲ್ಲ. ಅಮ್ಮನ ಕಾಲು ಉಳುಕಿದ್ದು ಆ ಎರಡು ನಿಮಿಷದ ಕೆಲಸ ನಾನು ಮಾಡದೆ ಬಿಟ್ಟಿದ್ದಕ್ಕೆ. ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡೋದಾದರೆ ಇದನ್ನೇ ಇಟ್ಟುಕೊಳ್ಳಿ.

ಇನ್ನು ಮೂರು ಸಣ್ಣ ಕೆಲಸ. ಡೆಸ್ಕ್‌ಟಾಪ್ ಲಿನಕ್ಸ್ ಯಾರೂ ಮುಟ್ಟದಿದ್ದರೆ ನಿದ್ದೆಗೆ ಜಾರಬಹುದು, ಅದನ್ನು ಪೂರ್ತಿ ಬಂದ್ ಮಾಡಿದೆ. ಇಡೀ ಡಿಸ್ಕ್‌ಗೆ ಎನ್‌ಕ್ರಿಪ್ಶನ್ ಬೀಗ ಹಾಕಿದ್ದರೆ ಕಂಪ್ಯೂಟರ್ ಏಳುವಾಗಲೇ ಪಾಸ್‌ವರ್ಡ್ ಕೇಳುತ್ತಾ ನಿಲ್ಲುತ್ತೆ, ಟನಲ್ ಶುರುವೇ ಆಗಲ್ಲ. ನಾನು ಕೆಲಸದ ಫೋಲ್ಡರ್‌ಗಳಿಗೆ ಮಾತ್ರ ಬೀಗ ಹಾಕಿ, ದೂರದಿಂದ ಒಳಗೆ ಬಂದ ಮೇಲೆ ತೆಗೀತೀನಿ. ಮೂರನೆಯದು, ರೌಟರ್ ಮತ್ತು ಫೈಬರ್ ಪೆಟ್ಟಿಗೆಗೆ 12 ವೋಲ್ಟಿನ ಪುಟ್ಟ ಯುಪಿಎಸ್. ಅವೆರಡೂ ತಿನ್ನೋದು ಒಂದು ಎಲ್‌ಇಡಿ ಬಲ್ಬಿನಷ್ಟು. ಸಣ್ಣ ಕರೆಂಟ್ ಕಡಿತಕ್ಕೆಲ್ಲ ಇಂಟರ್ನೆಟ್ ಬೀಳೋದು ನಿಂತಿತು.

ಕಂಪ್ಯೂಟರ್ ನಡುವೆಯೇ ಹ್ಯಾಂಗ್ ಆದರೆ? ಅದಕ್ಕೊಂದು ಸ್ಮಾರ್ಟ್ ಪ್ಲಗ್. ಫೋನಿನಿಂದ ಆಫ್ ಮಾಡಿ ಆನ್ ಮಾಡಿದರೆ, ಬಯೋಸ್‌ನ ಆ ಆಯ್ಕೆಯಿಂದ ಕಂಪ್ಯೂಟರ್ ತಾನೇ ಏಳುತ್ತೆ. ಓಡುತ್ತಿರೋ ಯಂತ್ರದ ಕರೆಂಟ್ ಕೀಳೋದು ಒಳ್ಳೆಯ ಅಭ್ಯಾಸವಲ್ಲ, ಬರೆಯುತ್ತಿದ್ದ ಫೈಲು ಹಾಳಾಗಬಹುದು. ಹಾಗಾಗಿ ಬೇರೆ ದಾರಿ ಇಲ್ಲದಾಗ ಮಾತ್ರ.

ಎರಡನೇ ದಾರಿ

ಊರಿಗೆ ಒಂದೇ ರಸ್ತೆ ಇದ್ದರೆ ಮಳೆಗಾಲದಲ್ಲಿ ಏನಾಗುತ್ತೆ ಅಂತ ಹಳ್ಳಿಯವರಿಗೆ ಹೇಳಬೇಕಾಗಿಲ್ಲ. ಎಸ್‌ಎಸ್‌ಎಚ್ ಸೆಟ್ಟಿಂಗ್ ಬದಲಾಯಿಸುವಾಗ ಒಂದು ಅಕ್ಷರ ತಪ್ಪಿದರೂ ನಾವೇ ಹೊರಗೆ ಉಳೀತೀವಿ. ಅದಕ್ಕೇ ವೈರ್‌ಗಾರ್ಡ್‌ನ ಇನ್ನೊಂದು ದಾರಿ ಹಾಕಿದೆ. 2020ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ ಕರ್ನಲ್ 5.6ರಿಂದ ಅದು ಕರ್ನಲ್ ಒಳಗೇ ಇದೆ. ಮನೆಯ ಕಡೆ ‘ಪರ್ಸಿಸ್ಟೆಂಟ್ ಕೀಪ್ ಅಲೈವ್’ 25 ಅಂತ ಬರೆದರೆ 25 ಸೆಕೆಂಡಿಗೊಮ್ಮೆ ಹೂಂ ಹೋಗುತ್ತೆ, ಸಿಜಿನ್ಯಾಟ್ ಮರೆಯಲ್ಲ. ಹಿಡಿದುಕೊಂಡಿರೋ ಲೈನ್ ಅನ್ನೋದೇ ಅದರಲ್ಲಿ ಇಲ್ಲ, ಹಾಗಾಗಿ ‘ಪೋರ್ಟ್ ಖಾಲಿ ಇಲ್ಲ’ ಅನ್ನೋ ಜಗಳವೂ ಇಲ್ಲ. ಈಗ ರಾತ್ರಿಯ ಕೆಲಸ ವೈರ್‌ಗಾರ್ಡ್ ಮೇಲೆ ನಡೆಯುತ್ತೆ, ಎಸ್‌ಎಸ್‌ಎಚ್ ಟನಲ್ ಹಿತ್ತಿಲ ಬಾಗಿಲು.

ಫೈಬರ್ ತುಂಡಾದಾಗ ಹಳೇ ಫೋನಿನ ಹಾಟ್‌ಸ್ಪಾಟ್ ಇದೆ. ಫೆಬ್ರುವರಿಯಲ್ಲಿ ಸೂರಗೊಂಡನಕೊಪ್ಪದ ಸೇವಾಲಾಲ್ ಜಯಂತಿಗೆ ಜನ ಸೇರಿದಾಗ ಮೊಬೈಲ್ ಡೇಟಾ ತೆವಳಿತು, ಆದರೂ ಒಳಗೆ ಹೋಗಿ ಒಂದು ಕಮಾಂಡ್ ಕೊಡೋಕೆ ಸಾಕಾಯಿತು.

ಸ್ವಂತ ಸರ್ವರ್ ಇಲ್ಲದವರಿಗೆ ಟೇಲ್‌ಸ್ಕೇಲ್ ಇದೆ, ಒಳಗೆ ಅದೂ ವೈರ್‌ಗಾರ್ಡ್ ಬಳಸುತ್ತೆ. ಬರೀ ವೆಬ್‌ಸೈಟ್ ತೋರಿಸೋಕಾದರೆ ಕ್ಲೌಡ್‌ಫ್ಲೇರ್ ಟನಲ್ ಇದೆ. ನಿಮ್ಮ ಅಗತ್ಯ ರಾತ್ರಿಯ ಕೆಲಸ ಓಡಿಸೋದು ಮಾತ್ರ ಆಗಿದ್ದರೆ, ಮನೆಯ ಯಂತ್ರವೇ ಆಗಾಗ ಸರ್ವರ್‌ಗೆ ‘ಕೆಲಸ ಇದೆಯಾ?’ ಅಂತ ಕೇಳುವ ಹಾಗೆ ಮಾಡಿ. ಆಗ ಟನಲ್ಲೇ ಬೇಡ. ನಮಗೆ ಒಳಗೆ ಹೋಗಿ ಕೈಯಾಡಿಸೋದೂ ಬೇಕಿತ್ತು.

ಬಾಗಿಲು ತೆಗೆದ ಮೇಲೆ ಬೀಗ

ದಾರಿ ಮಾಡಿದ ದಿನವೇ ಬೀಗವೂ ಹಾಕಬೇಕು. ಇಂಟರ್ನೆಟ್ಟಿನಲ್ಲಿರೋ ಯಾವುದೇ ಸರ್ವರ್‌ನ ಲಾಗ್ ತೆಗೆದು ನೋಡಿ, ಗುರುತಿಲ್ಲದವರು ಹಗಲೂ ರಾತ್ರಿ ಪಾಸ್‌ವರ್ಡ್ ಊಹಿಸುತ್ತಿರುತ್ತಾರೆ. ನಾನು ಎರಡೂ ಕಡೆ ಪಾಸ್‌ವರ್ಡ್ ಲಾಗಿನ್ ತೆಗೆದು ಕೀಲಿ ಫೈಲ್ ಇದ್ದವರಿಗೆ ಮಾತ್ರ ಪ್ರವೇಶ ಇಟ್ಟೆ. ಟನಲ್‌ಗೇ ಬೇರೆ ಕೀಲಿ. ಅದರಿಂದ ಸರ್ವರ್‌ನಲ್ಲಿ ಆ ಒಂದು ಪೋರ್ಟ್ ತೆಗೆಯಬಹುದು, ಇನ್ನೇನೂ ಮಾಡೋಕಾಗಲ್ಲ. 2222 ಸರ್ವರ್‌ನ ಒಳಗಿಂದ ಮಾತ್ರ ಕಾಣುತ್ತೆ, ಹೊರಗಿನವರಿಗೆ ಇಲ್ಲ. ಎಸ್‌ಎಸ್‌ಎಚ್ ತಾನಾಗೇ ಹಾಗೆ ಇಡುತ್ತೆ, ಅದನ್ನು ಬದಲಾಯಿಸಬೇಡಿ.

ಕಂಪನಿ ಲ್ಯಾಪ್‌ಟಾಪ್ ಅಥವಾ ಕಂಪನಿಯ ಡೇಟಾ ಇದ್ದರೆ ಇದ್ಯಾವುದನ್ನೂ ಕೇಳದೆ ಮಾಡಬೇಡಿ. ನಿಮಗೆ ಅನುಕೂಲದ ದಾರಿ, ಅವರ ಲೆಕ್ಕದಲ್ಲಿ ಗೋಡೆಗೆ ಕೊರೆದ ಕನ್ನ. ಕೆಲಸ ಹೋಗುವಷ್ಟು ದೊಡ್ಡ ತಪ್ಪಾಗಬಹುದು.

ಎಲ್ಲ ಮುಗಿದ ಮೇಲೆ ನಾನೇ ಕಾವಲು ಹಾಕಿದೆ. ಐದು ನಿಮಿಷಕ್ಕೊಮ್ಮೆ ಮುಂಬೈ ಸರ್ವರ್ ಮನೆಯ ಕಂಪ್ಯೂಟರ್ ಒಳಗೆ ನಿಜವಾಗಿ ಹೋಗಿ, ಗಂಟೆ ಎಷ್ಟು ಅಂತ ಕೇಳಿ ಬರುತ್ತೆ. ಎರಡು ಸಲ ಉತ್ತರ ಬರದಿದ್ದರೆ ನನ್ನ ಫೋನಿಗೆ ಮೆಸೇಜ್. ಪ್ರೋಗ್ರಾಂ ಓಡುತ್ತಿದೆಯಾ ಅಂತ ನೋಡೋದಲ್ಲ, ದಾರಿಯಲ್ಲಿ ನಡೆದೇ ನೋಡಬೇಕು.

ಕೊನೆಯ ಪರೀಕ್ಷೆ ಅಪ್ಪನದು. ನಾನು ಬೆಂಗಳೂರಿನಲ್ಲಿದ್ದಾಗ, ಹಗಲು ಹೊತ್ತಿನಲ್ಲಿ, ‘ಅಪ್ಪಾ, ಹೇಳದೆ ಕೇಳದೆ ಮೇನ್ ಸ್ವಿಚ್ ತೆಗೀರಿ, ಹತ್ತು ನಿಮಿಷ ಬಿಟ್ಟು ಹಾಕಿ’ ಅಂದೆ. ಅವರಿಗೆ ಖುಷಿಯೋ ಖುಷಿ. ಮೊದಲ ಸಲ ಸೋತೆ, ಸರ್ವರ್ ಕಡೆಯ ‘ಕ್ಲೈಂಟ್ ಅಲೈವ್’ ಹಾಕೋದು ಮರೆತಿತ್ತು. ಎರಡನೇ ಸಲ ಕಂಪ್ಯೂಟರ್ ಎದ್ದು ಮೂರು ನಿಮಿಷದೊಳಗೆ ದಾರಿ ತೆರೆಯಿತು. ಅಪ್ಪ ಆ ವಾರ ಇನ್ನೂ ಎರಡು ಸಲ ನನ್ನನ್ನು ಕೇಳದೆಯೇ ಪರೀಕ್ಷೆ ಮಾಡಿದರು.

ನಾನು ಈಗಲೂ ಸವಳಂಗದಲ್ಲೇ ಇದ್ದೀನಿ. ಕಳೆದ ಮಳೆಗಾಲದಲ್ಲಿ ಕಂಪ್ಯೂಟರ್ ವಿಷಯಕ್ಕೆ ಅಮ್ಮನಿಗೆ ಫೋನ್ ಮಾಡಿದ್ದು ಒಂದೇ ಸಲ, ಹಗಲಲ್ಲಿ. ಇಲಿ ಕೇಬಲ್ ಕಡಿದಿತ್ತು. ಮೆಟ್ಟಿಲಿಗೆ ಎರಡು ಬಲ್ಬ್ ಹಾಕಿಸಿದ್ದೀವಿ. ಆದರೂ ಬೆಂಗಳೂರಿನಿಂದ ರಾತ್ರಿ ಹೊತ್ತು ಊಟ ಆಯ್ತಾ ಅಂತ ಕೇಳೋಕೆ ಫೋನ್ ಮಾಡಿದರೆ ಅಮ್ಮನ ಮೊದಲ ಮಾತು ಇವತ್ತಿಗೂ ಅದೇ: ‘ಯಾಕೇ, ಬಟನ್ ಒತ್ತಬೇಕೇನೇ?’

ಊರು ಬಿಡುವ ಮುನ್ನ ನೋಡಿಕೊಳ್ಳಿ

• ರೌಟರ್ ತೋರಿಸುವ ಐಪಿ ಮತ್ತು ಹೊರಗೆ ಕಾಣುವ ಐಪಿ ಬೇರೆಯಾ? ಹಾಗಿದ್ದರೆ ಪೋರ್ಟ್ ಫಾರ್ವರ್ಡಿಂಗ್‌ಗೆ ಸಮಯ ಹಾಳು ಮಾಡಬೇಡಿ.

• ಬಯೋಸ್‌ನಲ್ಲಿ ‘ಕರೆಂಟ್ ಬಂದರೆ ಆನ್ ಆಗು’ ಹಾಕಿದ್ದೀರಾ? ನಿದ್ದೆ ಮೋಡ್ ತೆಗೆದಿದ್ದೀರಾ?

• ಎರಡೂ ತುದಿಯಲ್ಲಿ ‘ಹೂಂ’ ಕೇಳುವ ವ್ಯವಸ್ಥೆ ಇದೆಯಾ?

• ಒಂದು ದಾರಿ ಮುಚ್ಚಿದರೆ ಇನ್ನೊಂದು ಇದೆಯಾ?

• ಪಾಸ್‌ವರ್ಡ್ ಲಾಗಿನ್ ಬಂದ್ ಆಗಿದೆಯಾ?

• ಮೇನ್ ಸ್ವಿಚ್ ತೆಗೆದು ಪರೀಕ್ಷೆ ಮಾಡಿದ್ದೀರಾ? ನೀವು ಮನೆಯಲ್ಲಿ ಇಲ್ಲದಾಗ, ಹಗಲು ಹೊತ್ತಿನಲ್ಲಿ.